ಫರಸಿಗೂ ಆಸಿಡ್‌ಗೂ ಆಗಿಬರುವುದಿಲ್ಲ: ಮನೆಯ ಕಲ್ಲುನೆಲವನ್ನು ತೊಳೆಯುವ, ಕಾಪಾಡುವ ಬಗೆ

ಬೋರ್‌ವೆಲ್ ನೀರು ಬಳಸುವ ಮನೆಯ ಬಚ್ಚಲಲ್ಲಿ, ನಲ್ಲಿಯ ಕೆಳಗೆ ಒಂದು ಬಿಳಿ ಪೊರೆ ಕಟ್ಟಿರುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಫರಸಿ ಕೂಡ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಪೊರೆ ಹೋಗಲೆಂದು ಆಸಿಡ್ ಸುರಿದಾಗ ಬುಸ್ಸೆಂದು ನೊರೆ ಏಳುತ್ತದಲ್ಲ, ಅದನ್ನು ನೋಡಿ ಕೊಳೆ ಬಿಡುತ್ತಿದೆ ಎಂದು ಸಮಾಧಾನಪಡುವವರೇ ಹೆಚ್ಚು. ಆ ನೊರೆ ಇಂಗಾಲದ ಡೈಆಕ್ಸೈಡ್. ಪೊರೆಯ ಜೊತೆಗೆ ಅದರ ಕೆಳಗಿನ ಕಲ್ಲೂ ಕರಗುತ್ತಿರುವುದರ ಗುರುತು ಅದು. ಪೊರೆ ಯಾವುದು, ಕಲ್ಲು ಯಾವುದು ಎಂದು ಆಸಿಡ್ ಬೇರ್ಪಡಿಸಿ ನೋಡುವುದಿಲ್ಲ.

ಮನೆಗಳಲ್ಲಿ ಕಲ್ಲುನೆಲ ಮಂಕಾಗುವುದು ಹೆಚ್ಚಾಗಿ ಓಡಾಟದಿಂದಲ್ಲ, ತೊಳೆಯುವ ರೀತಿಯಿಂದ. ಆದ್ದರಿಂದ ಯಾವ ಲಿಕ್ವಿಡ್ ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು, ಕಾಲ ಕೆಳಗಿರುವುದು ಯಾವ ಕಲ್ಲು ಎಂದು ತಿಳಿದುಕೊಳ್ಳಬೇಕು.

ಕಲ್ಲಿನ ಎರಡು ಕುಲ

ನಮ್ಮ ಮನೆಗಳ ನೆಲಕ್ಕೆ ಬರುವ ಕಲ್ಲುಗಳನ್ನು ಎರಡು ಗುಂಪು ಮಾಡಿಕೊಂಡರೆ ಸಾಕು. ಮೊದಲನೆಯದು ಸುಣ್ಣದ ಕಲ್ಲಿನ ಗುಂಪು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಬೂದು ಫರಸಿ, ಗಡಿಯಾಚೆ ತೆಲಂಗಾಣದ ತಾಂಡೂರು ಕಲ್ಲು, ಆಂಧ್ರದ ಕಪ್ಪು ಕಡಪ ಕಲ್ಲು, ರಾಜಸ್ಥಾನದ ಹಸಿರು ಛಾಯೆಯ ಕೋಟಾ ಇವೆಲ್ಲ ಈ ಗುಂಪಿನವು. ಅಮೃತಶಿಲೆಯೂ ಇದೇ ಕುಲದ್ದು. ಸುಣ್ಣದ ಕಲ್ಲು ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಮರುಹರಳುಗಟ್ಟಿದರೆ ಅಮೃತಶಿಲೆ. ಎರಡನೆಯದು ಗ್ರಾನೈಟ್ ಗುಂಪು: ಇಳಕಲ್ಲಿನ ಕೆಂಪು, ದೇವನಹಳ್ಳಿ ಕಡೆಯ ಬೂದು ಸಾದರಹಳ್ಳಿ ಕಲ್ಲು, ಚಾಮರಾಜನಗರದ ಕಪ್ಪು. ಈ ಕಪ್ಪು ಕಲ್ಲನ್ನು ಭೂವಿಜ್ಞಾನಿಗಳು ಡಾಲರೈಟ್ ಎನ್ನುತ್ತಾರೆ, ಅಂಗಡಿಯಲ್ಲಿ ಅದು ಗ್ರಾನೈಟೇ. ತೊಳೆಯುವ ಮಟ್ಟಿಗೆ ನಾವೂ ಹಾಗೇ ಎಣಿಸಬಹುದು.

ಗಡಸುತನದಲ್ಲೂ ಇವು ದೂರದೂರ. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3ರಲ್ಲಿದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ 6, ಬೆಣಚು 7. ಅಡುಗೆಮನೆಯ ಚಾಕು ಹೆಚ್ಚುಕಡಿಮೆ ಐದೂವರೆ. ಹಾಗಾಗಿ ಚಾಕು ಫರಸಿಯನ್ನು ಗೀರುತ್ತದೆ, ಗ್ರಾನೈಟನ್ನು ಗೀರದು.

ಕಲ್ಲು ಯಾವುದೆಂದು ತಿಳಿಯದಿದ್ದರೆ ಫ್ರಿಜ್ ಅಡಿಯಲ್ಲೋ ಬಾಗಿಲ ಮರೆಯಲ್ಲೋ ಒಂದು ಹನಿ ನಿಂಬೆರಸ ಹಾಕಿ, ಐದು ನಿಮಿಷ ಬಿಟ್ಟು ಒರೆಸಿ. ಒಣಗಿದ ಮೇಲೆ ಬೆಳಕಿಗೆ ಓರೆಯಾಗಿ ನೋಡಿದಾಗ ಅಷ್ಟು ಜಾಗ ಮಂಕಾಗಿ ಕಂಡರೆ ಅದು ಸುಣ್ಣದ ಕಲ್ಲಿನ ಕುಲ. ನೊರೆ ಬಂತೋ ಇಲ್ಲವೋ ಎಂದು ನೋಡಿ ತೀರ್ಮಾನಿಸಬೇಡಿ. ಆಮ್ಲಕ್ಕೆ ನಿಧಾನವಾಗಿ ಕರಗುವ ಡಾಲಮೈಟ್ ಎಂಬ ಖನಿಜ ಹೆಚ್ಚಿರುವ ಅಮೃತಶಿಲೆಯಲ್ಲಿ ನೊರೆ ಕಾಣದೆಯೂ ಇರಬಹುದು. ಮೊಸಾಯಿಕ್ ನೆಲದಲ್ಲಿರುವುದು ಸಿಮೆಂಟ್ ಮತ್ತು ಅಮೃತಶಿಲೆಯ ಚೂರುಗಳು, ರೆಡ್ ಆಕ್ಸೈಡ್ ನೆಲ ಪೂರ್ತಿ ಸಿಮೆಂಟ್. ಅವೆರಡನ್ನೂ ಆಮ್ಲದ ವಿಷಯದಲ್ಲಿ ಸುಣ್ಣದ ಕಲ್ಲಿನ ಜೊತೆಗೇ ಸೇರಿಸಿಕೊಳ್ಳಿ.

ಕಲೆಯೋ, ಕಲ್ಲು ಸವೆದದ್ದೋ?

ಇದೊಂದು ಭೇದ ತಿಳಿದಿದ್ದರೆ ಅರ್ಧ ಖರ್ಚು ಉಳಿಯುತ್ತದೆ. ಕಲೆ ಎಂದರೆ ಹೊರಗಿನ ವಸ್ತು ಕಲ್ಲಿನ ರಂಧ್ರಗಳೊಳಗೆ ಇಳಿದಿರುವುದು: ಎಣ್ಣೆ, ಅರಿಸಿನ, ಕಾಫಿ, ತುಕ್ಕು. ಅದು ಸಾಮಾನ್ಯವಾಗಿ ಕಲ್ಲಿಗಿಂತ ಗಾಢವಾಗಿ ಕಾಣುತ್ತದೆ, ಹೊರಗೆ ಎಳೆಯಲು ಬರುತ್ತದೆ. ಆಮ್ಲ ಬಿದ್ದು ಆಗುವ ಮಚ್ಚೆ ಇನ್ನೊಂದು ಬಗೆ. ಅಲ್ಲಿ ಏನೂ ಅಂಟಿಲ್ಲ. ಕಲ್ಲಿನ ಮೇಲ್ಪದರವೇ ಹೋಗಿದೆ. ಹೊಳಪು ಎನ್ನುವುದು ಮೇಲ್ಮೈ ನುಣುಪಾಗಿದ್ದು ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುವುದರಿಂದ ಬರುವಂಥದ್ದು. ಆಮ್ಲ ತಿಂದ ಜಾಗದಲ್ಲಿ ಕಣ್ಣಿಗೆ ಕಾಣದ ಗುಳಿಗಳಾಗಿ ಬೆಳಕು ಚದುರುತ್ತದೆ, ಜಾಗ ಬೆಳ್ಳಗೆ ಮಂಕಾಗುತ್ತದೆ. ಅದನ್ನು ಎಷ್ಟು ತಿಕ್ಕಿ ತೊಳೆದರೂ ಪ್ರಯೋಜನವಿಲ್ಲ. ಮತ್ತೆ ಉಜ್ಜಿ ನುಣುಪು ತರುವುದೊಂದೇ ದಾರಿ.

ಕಡಪ ಕಲ್ಲಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೆಳ್ಳಗಾದ ಕಡಪದ ಮೇಲೆ ನೀರು ಹಾಕಿದರೆ ಒಮ್ಮೆಲೇ ಕಪ್ಪಗೆ ಮಿರುಗುತ್ತದೆ, ಒಣಗಿದರೆ ಮತ್ತೆ ಬೂದು. ನೀರು ಗುಳಿಗಳನ್ನು ತುಂಬಿದಷ್ಟು ಹೊತ್ತು ಮಾತ್ರ ಮೇಲ್ಮೈ ಸಮವಾಗಿರುತ್ತದೆ. ಒದ್ದೆಯಲ್ಲಿ ಕಪ್ಪು, ಒಣಗಿದಾಗ ಬೂದು ಎಂದಾದರೆ ಅದು ಕೊಳೆಯಲ್ಲ, ಸವೆತ. ಒದ್ದೆಯಾದಾಗಲೂ ಬಿಳಿ ಉಳಿದರೆ ಅದು ಮೇಲೆ ಕೂತ ಗಡಸು ನೀರಿನ ಪೊರೆ. ಬಹಳ ಮನೆಗಳಲ್ಲಿ ಕಡಪಕ್ಕೆ ಕೊಬ್ಬರಿ ಎಣ್ಣೆ ಸವರಿ ಕಪ್ಪು ತರುತ್ತಾರೆ. ಎಣ್ಣೆ ಮಾಡುವುದೂ ನೀರಿನ ಕೆಲಸವನ್ನೇ, ಗುಳಿ ತುಂಬುವುದು. ಆದರೆ ಕೆಲವೇ ವಾರಗಳಲ್ಲಿ ಅದಕ್ಕೆ ಧೂಳು ಕೂತು ಜಿಗುಟು ಪದರವಾಗುತ್ತದೆ, ಜಾರುವ ಅಪಾಯ ಬೇರೆ. ನೆಲಕ್ಕಂತೂ ಇದು ಬೇಡ.

ಆಮ್ಲ ಬಾಟಲಿಯಲ್ಲಿ ಮಾತ್ರ ಇರುವುದಿಲ್ಲ

ಹಾರ್ಡ್‌ವೇರ್ ಅಂಗಡಿಯ ಆಸಿಡ್, ಟಾಯ್ಲೆಟ್ ಕ್ಲೀನರ್ ಎರಡರಲ್ಲೂ ಇರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಇವುಗಳಿಂದ ದೊಡ್ಡ ಹಾನಿಯಾಗುವುದು ಮನೆ ಕಟ್ಟಿ ಮುಗಿಯುವ ಹೊತ್ತಿನಲ್ಲೇ. ನೆಲದ ಮೇಲೆ ಬಿದ್ದ ಸಿಮೆಂಟ್ ಕಲೆ ಹೋಗಲೆಂದು ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಇಡೀ ಮನೆಗೆ ಆಸಿಡ್ ನೀರು ಹಾಯಿಸುತ್ತಾರೆ. ಹೊಸ ಫರಸಿಯ ಹೊಳಪು ಅವತ್ತೇ ಹೋಗುತ್ತದೆ, ಸಂದಿನ ಸಿಮೆಂಟೂ ತಿಂದುಹೋಗುತ್ತದೆ. ಸಿಮೆಂಟ್ ಹಾಲನ್ನು ಸಂದು ತುಂಬಿದ ದಿನವೇ, ಹಸಿಯಿರುವಾಗ ಒದ್ದೆ ಸ್ಪಂಜಿನಿಂದ ಒರೆಸಿಸಬೇಕು. ಗಟ್ಟಿಯಾಗಿದ್ದರೆ ಜಾಗವನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆದು, ನೈಲಾನ್ ಬ್ರಷ್ಷಿನಿಂದ ತಿಕ್ಕಬೇಕು. ನಿಧಾನದ ಕೆಲಸ, ಆದರೆ ಕಲ್ಲು ಉಳಿಯುತ್ತದೆ.

ಅಡುಗೆಮನೆಯ ಆಮ್ಲಗಳು ಸೌಮ್ಯವಾಗಿದ್ದರೂ ಕೆಲಸ ಅದೇ: ನಿಂಬೆ, ಹುಣಸೆ, ಟೊಮೇಟೊ, ಮೊಸರು, ವಿನೆಗರ್, ಉಪ್ಪಿನಕಾಯಿ ರಸ, ಕೋಲಾ ಪಾನೀಯ. ಸಾರು ಚೆಲ್ಲಿದರೆ ಊಟ ಮುಗಿಯಲಿ ಎಂದು ಕಾಯದೆ ಕೂಡಲೇ ಒತ್ತಿ ಹೀರಿಸಿ, ನೀರಿನಿಂದ ಒರೆಸಿ. ಹಬ್ಬದ ಮುನ್ನಾದಿನ ದೀಪದ ಕಂಬ, ಹಿತ್ತಾಳೆ ತಂಬಿಗೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಜಾಗ ಫರಸಿಯೋ ಕಡಪವೋ ಆಗಿದ್ದರೆ, ಪಾತ್ರೆ ಬೆಳಗಿದಷ್ಟೇ ಕಲ್ಲು ಮಂಕಾಗುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ತಿಕ್ಕಿ, ಆ ನೀರನ್ನು ನೇರ ಮೋರಿಗೆ ಹಾಕಿ. "ನೈಸರ್ಗಿಕ ಕ್ಲೀನರ್" ಎಂದು ವಿನೆಗರ್ ಬೆರೆಸಿ ನೆಲ ಒರೆಸುವ ಸಲಹೆಯಂತೂ ಸುಣ್ಣದ ಕಲ್ಲಿಗೆ ಶುದ್ಧ ತಪ್ಪು.

ಇನ್ನು ಬಚ್ಚಲಿನ ಬಿಳಿ ಪೊರೆ. ಪಾಲಿಶ್ ಇರುವ ಫರಸಿ, ಕಡಪ, ಅಮೃತಶಿಲೆಯ ಮೇಲಿದ್ದರೆ ಜಾಗವನ್ನು ಒದ್ದೆ ಮಾಡಿ, ಹೊಸ ಬ್ಲೇಡನ್ನು ಬಹುತೇಕ ಮಲಗಿಸಿದಂತೆ ಹಿಡಿದು ಒಂದೇ ದಿಕ್ಕಿಗೆ ಕೆರೆಯಿರಿ. ಒರಟು ಕಲ್ಲಾದರೆ ನೈಲಾನ್ ಬ್ರಷ್ಷೇ ಗತಿ. ಗ್ರಾನೈಟ್ ಮೇಲೆ ಮಾತ್ರ ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು ಸೇರಿಸಿ, ಬಟ್ಟೆಯಲ್ಲಿ ಅದ್ದಿ ಪೊರೆಯ ಮೇಲಷ್ಟೇ ಐದು ನಿಮಿಷ ಇಟ್ಟು, ಧಾರಾಳ ನೀರಿನಿಂದ ತೊಳೆಯಬಹುದು. ಸಂದಿನ ಸಿಮೆಂಟಿಗೆ ತಾಗದಂತೆ ನೋಡಿಕೊಳ್ಳಿ. ತಡೆಯುವ ಉಪಾಯ ಬಹಳ ಸರಳ. ಸ್ನಾನವಾದ ಮೇಲೆ ವೈಪರ್‌ನಿಂದ ನೀರು ಎಳೆದುಬಿಡುವುದು. ನೀರು ಆರಿದಲ್ಲಿ ಮಾತ್ರ ಪೊರೆ ಕೂರುತ್ತದೆ.

ದಿನದ ಕೆಲಸ

ಕಸ ಗುಡಿಸದೆ ನೆಲ ಒರೆಸಬಾರದು. ಹೊರಗಿನಿಂದ ಚಪ್ಪಲಿಗೆ ಅಂಟಿ ಬರುವ ಮರಳಿನಲ್ಲಿ ಬೆಣಚಿನ ಕಣಗಳೇ ಹೆಚ್ಚು. 3ರ ಗಡಸಿನ ಕಲ್ಲಿನ ಮೇಲೆ 7ರ ಗಡಸಿನ ಕಣ, ಅದರ ಮೇಲೆ ಒದ್ದೆ ಮಾಪಿನ ಒತ್ತಡ. ಇದು ಮರಳು ಕಾಗದದಲ್ಲಿ ಉಜ್ಜಿದಂತೆಯೇ. ಹೊಸ್ತಿಲಿನ ಹೊರಗೆ ಒರಟು ನಾರಿನ ಕಾಲೊರಸು, ಒಳಗೆ ಹತ್ತಿಯದ್ದೊಂದು ಹಾಕಿದರೆ ಕಲ್ಲಿನ ಆಯುಷ್ಯಕ್ಕೆ ಆಗುವಷ್ಟು ಉಪಕಾರ ಯಾವ ದುಬಾರಿ ಕ್ಲೀನರಿನಿಂದಲೂ ಆಗದು. ಕುರ್ಚಿ, ಮಂಚದ ಕಾಲುಗಳಿಗೆ ಫೆಲ್ಟ್ ತುಂಡು ಅಂಟಿಸಿ. ಆ ಫೆಲ್ಟಿಗೂ ಮರಳು ಕಚ್ಚುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಿ.

ರಂಗೋಲಿ ಪುಡಿಯನ್ನೂ ಪರೀಕ್ಷಿಸುವುದು ಒಳ್ಳೆಯದು. ಕೆಲವು ಪುಡಿ ಮೆದು ಕಲ್ಲಿನದು, ಕೆಲವು ಬೆಣಚುಕಲ್ಲಿನದು. ಒಂದು ಚಿಟಿಕೆಯನ್ನು ಹಳೆಯ ಗಾಜಿನ ಚೂರಿನ ಮೇಲಿಟ್ಟು ಇನ್ನೊಂದು ಗಾಜಿನಿಂದ ಒತ್ತಿ ಉಜ್ಜಿ. ಗಾಜಿಗೆ ಗೀರು ಬಿದ್ದರೆ ಬೆಣಚಿದೆ ಎಂದರ್ಥ. ಅಂಥ ಪುಡಿ ಅಂಗಳಕ್ಕಿರಲಿ, ದೇವರ ಮನೆಯ ಅಮೃತಶಿಲೆಗೆ ಅಕ್ಕಿ ಹಿಟ್ಟು ಸಾಕು.

ಒರೆಸುವುದಕ್ಕೆ ಎರಡು ಬಕೆಟ್ ಬೇಕು. ಒಂದರಲ್ಲಿ 5 ಲೀಟರ್ ನೀರಿಗೆ ಅರ್ಧ ಚಹಾ ಚಮಚದಷ್ಟು, ಅಂದರೆ ಎರಡು ಮೂರು ಮಿಲಿಲೀಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಕಲ್ಲಿಗೆಂದೇ ಸಿಗುವ ಕ್ಲೀನರ್. ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಹಿಂಡಿದ ಮೇಲಷ್ಟೇ ಸೋಪಿನ ನೀರಿಗೆ ಅದ್ದಬೇಕು, ಪ್ರತಿ ಕೋಣೆಗೂ ಜಾಲಿಸುವ ನೀರು ಬದಲಿಸಬೇಕು. ಕೊನೆಗೊಮ್ಮೆ ಬರೀ ನೀರಿನ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ನೀರು ಗಡಸಾಗಿದ್ದರೆ ಈ ಒಣ ಬಟ್ಟೆಯನ್ನು ಬಿಡಲೇಬಾರದು. ಕೊನೆಯ ಒರೆಸಿಗೆ ಮಳೆನೀರೋ ನದಿನೀರೋ ಸಿಕ್ಕರೆ ಇನ್ನೂ ಒಳ್ಳೆಯದು.

ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಎಂಬ ನಂಬಿಕೆಯಿಂದಲೇ ನೆಲ ಜಿಗುಟಾಗುವುದು. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ, ಅದು ದಿನದಿಂದ ದಿನಕ್ಕೆ ಪದರಗಟ್ಟಿ ನೆಲದ ಮೇಲೆ ಮಬ್ಬು ಕವಿಯುತ್ತದೆ. ಬಿಳಿ ಫಿನಾಯಿಲ್‌ನ ಪೈನ್ ಎಣ್ಣೆಯೂ ಅತಿಯಾದರೆ ಅಂಟು ಉಳಿಸುತ್ತದೆ. ಹಾಗೆ ಮಬ್ಬಾದ ನೆಲಕ್ಕೆ ಹೊಸ ಕ್ಲೀನರ್ ಬೇಡ. ಬಿಸಿನೀರು, ನೈಲಾನ್ ಪ್ಯಾಡ್ ಹಿಡಿದು ಎರಡು ಮೂರು ಸಲ ತಿಕ್ಕಿ ತೆಗೆದರೆ ಕೆಳಗಿನ ಹೊಳಪು ತಾನೇ ಬರುತ್ತದೆ. ಪಾತ್ರೆ ತಿಕ್ಕುವ ಪುಡಿಯನ್ನೂ ಉಕ್ಕಿನ ನಾರನ್ನೂ ಹತ್ತಿರ ತರಬೇಡಿ. ಪುಡಿ ಗೀರುತ್ತದೆ, ನಾರಿನ ಚೂರು ಸಂದಿನಲ್ಲಿ ಸಿಕ್ಕಿ ತುಕ್ಕು ಬಿಡುತ್ತದೆ. ಯಾವುದೇ ಹೊಸ ಲಿಕ್ವಿಡ್ ತಂದಾಗ ಆಮ್ಲವೋ ಕ್ಷಾರವೋ ಎಂದು ತೋರಿಸುವ ಪಿಎಚ್ ಕಾಗದದಲ್ಲಿ ನೋಡಿ. 7ರಿಂದ 9ರ ನಡುವೆ ಇದ್ದರೆ ಸರಿ, 7ಕ್ಕಿಂತ ಕೆಳಗೆ ಹೋದರೆ ಸುಣ್ಣದ ಕಲ್ಲಿಗೆ ಬೇಡ.

ಒಳಗಿಳಿದ ಕಲೆಯನ್ನು ಹೊರಗೆಳೆಯುವುದು

ಎಣ್ಣೆ ಕಲೆಯನ್ನು ಮೇಲಿನಿಂದ ಎಷ್ಟು ತಿಕ್ಕಿದರೂ ಒಳಗಿರುವುದು ಒಳಗೇ. ಅದಕ್ಕೆ ಪಟ್ಟು ಹಾಕಬೇಕು. ಹೀರುವ ಪುಡಿಯೊಂದನ್ನು ಕಲೆ ಕರಗಿಸುವ ದ್ರವದಲ್ಲಿ ಕಲಸಿ ಹಚ್ಚಿದರೆ, ದ್ರವ ಕಲ್ಲಿನೊಳಗಿಳಿದು ಕಲೆಯನ್ನು ಕರಗಿಸುತ್ತದೆ. ಪಟ್ಟು ಒಣಗುತ್ತ ಬಂದಂತೆ ಆ ದ್ರವ ಕಲೆಯ ಸಮೇತ ಮೇಲೆದ್ದು ಪುಡಿಗೆ ಸೇರುತ್ತದೆ. ಎಳೆಯುವ ಕೆಲಸ ನಡೆಯುವುದು ಒಣಗುವಾಗ. ಹಸಿಯಿರುವಾಗಲೇ ಒರೆಸಿ ತೆಗೆದು "ಕೆಲಸ ಮಾಡಲಿಲ್ಲ" ಎನ್ನುವುದು ಎಲ್ಲರೂ ಮಾಡುವ ತಪ್ಪು.

ಅಂಗೈ ಅಗಲದ ಕಲೆಗೆ ನಾಲ್ಕೈದು ಚಮಚ ಸೀಮೆಸುಣ್ಣದ ಪುಡಿ ಅಥವಾ ಬಣ್ಣವಿಲ್ಲದ ಟಾಲ್ಕ್ ಸಾಕು. ಗಟ್ಟಿ ಚಟ್ನಿಯ ಹದಕ್ಕೆ ಕಲಸಿ, ಕಾಲಂಗುಲ ದಪ್ಪಕ್ಕೆ, ಕಲೆಯ ಅಂಚಿನಿಂದ ಒಂದು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ. ಮೊದಲು ಜಾಗವನ್ನು ಬರೀ ನೀರಿನಿಂದ, ಎಣ್ಣೆಯ ಕಲೆಯಾದರೆ ಕಲಸಲು ಬಳಸಿದ ದ್ರವದಿಂದಲೇ, ಸ್ವಲ್ಪ ತೇವ ಮಾಡಿಕೊಂಡಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು, ಪಟ್ಟು ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಇನ್ನೊಂದು ದಿನ ಬೇಕಾದರೂ ಕಾಯಿರಿ. ಮರದ ಪಟ್ಟಿಯಿಂದ ಕೆರೆದು, ತೊಳೆದು, ಒಣಗಿದ ಮೇಲೆ ನೋಡಿ. ಹಳೆಯ ಕಲೆ ಮೂರು ನಾಲ್ಕು ಸಲ ಬೇಡಬಹುದು. ಪ್ರತಿ ಸಲವೂ ತುಸು ತೆಳುವಾಗುತ್ತಿದ್ದರೆ ದಾರಿ ಸರಿಯಿದೆ.

ಯಾವ ಕಲೆಗೆ ಯಾವ ದ್ರವ? ಹೊಸ ಎಣ್ಣೆ ಕಲೆಗೆ ಅಡುಗೆ ಸೋಡಾವನ್ನೇ ಪುಡಿಯಾಗಿ ಬಳಸಿ ನೀರಿನಲ್ಲಿ ಕಲಸಬಹುದು. ಹಳೆಯದಕ್ಕೆ ಅಸಿಟೋನ್, ಅದು ಬೇಗ ಹೊತ್ತಿಕೊಳ್ಳುವಂಥದ್ದು, ಕಿಟಕಿ ತೆರೆದಿರಲಿ, ದೇವರ ದೀಪವೂ ಒಲೆಯೂ ಆರಿರಲಿ. ಕಾಫಿ, ಅರಿಸಿನ, ಎಲೆ ಅಡಿಕೆಯಂಥ ಬಣ್ಣಗಳಿಗೆ ಔಷಧಿ ಅಂಗಡಿಯ ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್. ಕಡಪದಂಥ ಕಪ್ಪು ಕಲ್ಲಿನ ಬಣ್ಣವನ್ನೂ ಅದು ತಿಳಿಯಾಗಿಸಬಹುದು, ಮೂಲೆಯಲ್ಲಿ ಪರೀಕ್ಷಿಸಿಯೇ ಬಳಸಿ. ಅರಿಸಿನಕ್ಕೆ ಸೋಪು ಹಾಕಿದಾಗ ಕೆಂಪಾದರೆ ಗಾಬರಿ ಬೇಡ, ಕ್ಷಾರ ತಾಗಿದರೆ ಅರಿಸಿನದ ಬಣ್ಣ ತಿರುಗುವುದು ಅದರ ಗುಣ. ಬಿಸಿಲು ಬೀಳುವ ಜಾಗದಲ್ಲಿ ಅರಿಸಿನದ ಕಲೆ ಕೆಲವು ದಿನಗಳಲ್ಲಿ ತಾನಾಗಿ ಮಾಸುತ್ತದೆ. ಕುಂಕುಮ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಿದ್ದಾಗ ಒದ್ದೆ ಬಟ್ಟೆ ಮುಟ್ಟಿಸದೆ, ಒಣ ಬ್ರಷ್ಷಿನಿಂದ ಕಾಗದಕ್ಕೆ ಎತ್ತಿಕೊಳ್ಳಿ.

ಗ್ಯಾಸ್ ಸಿಲಿಂಡರ್ ಕೆಳಗಿನ ತುಕ್ಕಿನ ಉಂಗುರಕ್ಕೆ ಜನ ಆಕ್ಸಾಲಿಕ್ ಆಮ್ಲ ಬಳಸುತ್ತಾರೆ. ಗ್ರಾನೈಟಿಗೆ ನಡೆಯುತ್ತದೆ, ಫರಸಿಯ ಹೊಳಪನ್ನು ತೆಗೆಯುತ್ತದೆ, ಮತ್ತು ಅದು ವಿಷ. ಸುಣ್ಣದ ಕಲ್ಲಿಗೆ ಆಮ್ಲವಲ್ಲದ, ಅಮೃತಶಿಲೆಗೆಂದೇ ಮಾಡಿದ ತುಕ್ಕು ತೆಗೆಯುವ ಪೇಸ್ಟ್ ಕೇಳಿ. ಹೈಡ್ರೋಫ್ಲೋರಿಕ್ ಆಮ್ಲವಿರುವ ತುಕ್ಕುನಾಶಕ ಗ್ರಾನೈಟನ್ನೂ ತಿನ್ನುತ್ತದೆ, ಮನುಷ್ಯರಿಗೆ ಅತಿ ಅಪಾಯಕಾರಿ. ಅದು ಮನೆಯೊಳಗೆ ಬರಲೇಬಾರದು. ಸಿಲಿಂಡರಿಗೆ ಒಂದು ಪ್ಲಾಸ್ಟಿಕ್ ತಟ್ಟೆಯೋ ಚಕ್ರದ ಗಾಡಿಯೋ ಇಟ್ಟರೆ ಈ ತಾಪತ್ರಯವೇ ಇಲ್ಲ.

ನೆಲದಿಂದ ಏಳುವ ಉಪ್ಪು

ನೆಲ ಅಂತಸ್ತಿನ ಮನೆಗಳಲ್ಲಿ ಸಂದುಗಳ ಪಕ್ಕ ಬಿಳಿ ಪುಡಿ ಏಳುವುದು, ಶಹಾಬಾದ್ ಕಲ್ಲು ಪದರ ಪದರವಾಗಿ ಎದ್ದುಬರುವುದು ಎರಡಕ್ಕೂ ಕಾರಣ ಒಂದೇ. ಕೆಳಗಿನ ಮಣ್ಣಿನ ತೇವ ಮೇಲೇರುವಾಗ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರುತ್ತದೆ, ಉಪ್ಪು ರಂಧ್ರದೊಳಗೇ ಹರಳುಗಟ್ಟಿ ಹಿಗ್ಗಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಈ ಪುಡಿಯನ್ನು ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಕಲ್ಲೊಳಗೇ ಇಳಿಯುತ್ತದೆ. ಒಣ ಬ್ರಷ್ಷಿನಿಂದ ಗುಡಿಸಿ ಹೊರಹಾಕಿ.

ತೇವ ಕೆಳಗಿನಿಂದಲೇ ಬರುತ್ತಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ರಾತ್ರಿ ಬಿಡಿ. ತೆಗೆದಾಗ ಹಾಳೆಯ ಅಡಿ ಹನಿಗಟ್ಟಿದ್ದರೆ, ಇಲ್ಲವೇ ಅಷ್ಟು ಕಲ್ಲು ಕಪ್ಪಾಗಿದ್ದರೆ, ಕೆಲಸ ಕಲ್ಲಿನ ಮೇಲಲ್ಲ. ಬಚ್ಚಲಿನ ಸೋರಿಕೆ, ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರು, ಒಡೆದ ಪೈಪು ಇವುಗಳ ಕಡೆ ನೋಡಬೇಕು. ಅಂಥ ನೆಲಕ್ಕೆ ಸೀಲರ್, ಅಂದರೆ ಕಲ್ಲು ಹೀರದಂತೆ ತಡೆಯುವ ಲೇಪ, ಹಚ್ಚಿದರೆ ತೇವ ಒಳಗೆ ಸಿಕ್ಕಿಬಿದ್ದು ಹಾನಿ ಹೆಚ್ಚುತ್ತದೆ.

ಸೀಲರ್, ಪಾಲಿಶ್

ಸೀಲರ್ ಬಗ್ಗೆ ಮಾರುವವರು ಹೇಳದ ಮಾತೊಂದಿದೆ: ಅದು ಕಲೆ ಇಳಿಯುವುದನ್ನು ತಡವಾಗಿಸುತ್ತದೆ, ಆಮ್ಲದಿಂದ ಹೊಳಪು ಹೋಗುವುದನ್ನು ತಡೆಯುವುದಿಲ್ಲ. ಮೇಲೆ ಪದರ ಕಟ್ಟುವ ಮೇಣ, ಅಕ್ರಿಲಿಕ್ ಬಗೆಯವು ಹಳದಿ ತಿರುಗಿ ಗೀರು ಬೀಳುತ್ತವೆ. ಮನೆಯ ನೆಲಕ್ಕೆ ಒಳಗಿಳಿಯುವ ಸೀಲರೇ ಮೇಲು. ಬೇಕೋ ಬೇಡವೋ ಎಂದು ಒಂದು ಚಮಚ ನೀರು ಹೇಳುತ್ತದೆ. ಕಲ್ಲಿನ ಮೇಲೆ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ. ಕಪ್ಪು ಗುರುತು ಉಳಿದರೆ ಕಲ್ಲು ಹೀರುತ್ತಿದೆ, ಸೀಲರ್ ಬೇಕು. ಪಾಲಿಶ್ ಆದ ಕಪ್ಪು ಗ್ರಾನೈಟ್ ಬಹುತೇಕ ಹೀರುವುದೇ ಇಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಹಚ್ಚುವ ಮುನ್ನ ತೊಳೆದು ಎರಡು ದಿನ ಒಣಗಿಸಿ, ತೆಳ್ಳಗೆ ಸವರಿ, ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷಕ್ಕೆ ಸರಿಯಾಗಿ ಮಿಕ್ಕಿದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಮೇಲೆ ಒಣಗಲು ಬಿಟ್ಟ ಸೀಲರ್ ಮಂಜಿನಂತೆ ಕೂತರೆ ತೆಗೆಯುವುದು ಕಷ್ಟ.

ನೆಲವೆಲ್ಲ ಮಂಕಾಗಿದ್ದರೆ ಯಂತ್ರ ಹಾಕಿಸಲೇಬೇಕು. ಡೈಮಂಡ್ ಪ್ಯಾಡುಗಳು 50, 100, 200, 400, 800, 1500, 3000 ಎಂದು ಒರಟಿನಿಂದ ನುಣುಪಿಗೆ ಸಾಗುತ್ತವೆ. ಎಲ್ಲಿಂದ ಶುರು ಎನ್ನುವುದು ಹಾನಿಯ ಆಳದ ಮೇಲೆ: ಬರೀ ಆಮ್ಲದ ಮಂಕಾದರೆ 400ರಿಂದ ಸಾಕಾಗಬಹುದು, ಆಳದ ಗೀರು, ಎತ್ತರ ತಗ್ಗು ಇದ್ದರೆ 50ರಿಂದಲೇ. ನಡುವಿನ ಒಂದು ಹಂತ ಹಾರಿಸಿದರೆ ಹಿಂದಿನ ಪ್ಯಾಡಿನ ಗೀರುಗಳು ಮುಂದಿನದಕ್ಕೆ ಅಳಿಯುವುದಿಲ್ಲ, ಹೊಳಪು ಬಂದ ಮೇಲೆ ಸುರುಳಿ ಸುರುಳಿಯಾಗಿ ಎದ್ದು ಕಾಣುತ್ತವೆ. ಪ್ರತಿ ಹಂತದ ಕೆಸರನ್ನು ಪೂರ್ತಿ ತೊಳೆದ ಮೇಲೇ ಮುಂದಿನ ಪ್ಯಾಡ್ ಹಾಕಬೇಕು; ಇದನ್ನು ಎದುರು ನಿಂತೇ ನೋಡಿಕೊಳ್ಳಿ. ಆ ಕೆಸರು ಬಚ್ಚಲ ಮೋರಿಗೆ ಹೋಗಕೂಡದು, ಪೈಪಿನೊಳಗೆ ಕಲ್ಲಾಗುತ್ತದೆ. ಡಬ್ಬಿಗಳಲ್ಲಿ ತುಂಬಿ ಆರಿಸಿ ಎಸೆಯಬೇಕು. ಅಮೃತಶಿಲೆಯ ಮೇಲೆ ಲೋಟದ ಅಡಿಯಷ್ಟು ಅಗಲದ ಮಂಕಿದ್ದರೆ ಮಾತ್ರ, ಪಾಲಿಶ್ ಪುಡಿಯನ್ನು ಒದ್ದೆ ಫೆಲ್ಟಿನಲ್ಲಿ ಹಾಕಿ ಐದಾರು ನಿಮಿಷ ಒತ್ತಿ ಉಜ್ಜಿ ಕೈಯಿಂದಲೇ ಸರಿಮಾಡಬಹುದು.

ಅಂಗಳದ ಕಲ್ಲಿಗೆ ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಬಿರುಸಾದ ನೈಲಾನ್ ಬ್ರಷ್ಷು, ಬಿಸಿನೀರು ಮೊದಲು. ಅದಕ್ಕೂ ಬಗ್ಗದಿದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಲಿಕ್ವಿಡ್ ಬ್ಲೀಚ್, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಬ್ಲೀಚಿಗೆ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರಾಗಲಿ ಎಂದೂ ಸೇರಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಹೊಸದಾಗಿ ಕಲ್ಲು ಹಾಸುವವರು ಅದೇ ಲಾಟಿನ ನಾಲ್ಕೈದು ಚಪ್ಪಡಿಗಳನ್ನು ಎತ್ತಿಟ್ಟುಕೊಳ್ಳಿ. ಗಣಿಯ ಪದರ ಬದಲಾದರೆ ಕಲ್ಲಿನ ಛಾಯೆಯೂ ಬದಲಾಗುತ್ತದೆ, ಮುಂದೆ ಒಂದು ಒಡೆದರೆ ಜೊತೆ ಸಿಗುವುದಿಲ್ಲ. ಅಲ್ಲಿಯವರೆಗೆ ಅದರಲ್ಲೊಂದು ಪರೀಕ್ಷೆಯ ಕಲ್ಲಾಗಿರಲಿ. ಮನೆಗೆ ಬರುವ ಪ್ರತಿ ಹೊಸ ಕ್ಲೀನರ್, ಸೀಲರ್, ಪಟ್ಟು ಮೊದಲು ಅದರ ಮೇಲೆ ಬೀಳಲಿ, ಒಂದು ದಿನ ಬಿಟ್ಟು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಆಮೇಲೆ ನೆಲಕ್ಕೆ.